ಜವರಯ್ಯನವರ ಹಸುವಿನ ಹನ್ನೆರಡು ಅಂಕಿ

ಹಸುಗಳ ಕಿವಿಗೆ ಹಳದಿ ಬಿಲ್ಲೆ ಹೊಡೆದು, ಅದರ ಮೇಲಿರುವ ಹನ್ನೆರಡು ಅಂಕಿಯ ನಂಬರು ಬರೆದುಕೊಂಡು, ಮಾಲೀಕರ ಹೆಸರಿನ ಜೊತೆ ಕಂಪ್ಯೂಟರಿಗೆ ಏರಿಸುವುದು ನನ್ನ ಗುತ್ತಿಗೆ ಕೆಲಸ. ಇದಕ್ಕೆ ಬಿ.ಕಾಂ. ಓದಿರಲೇಬೇಕು ಎಂದು ಮನೆಯವರು ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಗಂಜಾಂನ ಜವರಯ್ಯನವರು ಪಾಂಡವಪುರದ ಕಡೆ ಮೂವತ್ತು ವರ್ಷ ಕಬ್ಬಿನ ತೂಕದ ಚೀಟಿ ಬರೆದವರು. ಲಾರಿ ಬರುವ ತನಕ ಹೊತ್ತು ಹೋಗಬೇಕಲ್ಲ. ಕಣ್ಣಿಗೆ ಬಿದ್ದ ಸಂಖ್ಯೆಯೆಲ್ಲ ಯಾವುದರಿಂದ ಭಾಗವಾಗುತ್ತದೆ ಎಂದು ನೋಡುವ ಚಟ ಅಲ್ಲೇ ಅಂಟಿತು. ನಿವೃತ್ತರಾದ ಮೇಲೆ ಒಂದು ಸೀಮೆ ಹಸು ಕಟ್ಟಿದರು. ಅದಕ್ಕೆ ಬಿಲ್ಲೆ ಹೊಡೆದವನು ನಾನೇ.

ಕಳೆದ ತಿಂಗಳು ಆ ಹಸು ಹಗ್ಗ ಕಿತ್ತುಕೊಂಡು ಹೋಯಿತು. ತುಂಬು ಗಬ್ಬ. ಮೂರನೇ ದಿನ, ಕರಿಘಟ್ಟದ ಕೆಳಗೆ ಚೌಡಯ್ಯ ಎಂಬ ರೈತರ ಕೊಟ್ಟಿಗೆಯಲ್ಲಿದೆ ಎಂದು ತಿಳಿದು, ಜವರಯ್ಯನವರು ನನ್ನನ್ನು ಬೈಕಿನ ಸಮೇತ ಹೊರಡಿಸಿ ಹಿಂದೆ ಕೂತರು.

ಚೌಡಯ್ಯ ಬಾಗಿಲಲ್ಲೇ ತಡೆದರು. "ನಿನ್ನೆಯಿಂದ ಇಬ್ರು ಬಂದು ನಂದು ಅಂದವ್ರೆ. ಎಲ್ಲಾರ ಅಸೂನೂ ಕಪ್ಪು-ಬಿಳಿನೇ. ಬಿಲ್ಲೆ ನಂಬರು ಯೋಳಿ, ಒಡ್ಕೊಂಡೋಗಿ."

ನಾನು ಗತ್ತಿನಿಂದ ನೋಟ್‌ಬುಕ್ ತೆಗೆದು ಓದಿದೆ: 340167852575. ಒಳಗೆ ಹೋಗಿ ಬಿಲ್ಲೆ ನೋಡಿ ಬಂದ ಚೌಡಯ್ಯ ತಲೆಯಾಡಿಸಿದರು. "ನಡುವೆ ತಪ್ಪು ಅದೆ. ಇದಲ್ಲ ಬುಡಿ."

ಕಂಪ್ಯೂಟರು ಕೂಡ ಆ ನಂಬರನ್ನು ಎರಡು ಸಲ ತಿರಸ್ಕರಿಸಿತ್ತು. ಸೋಮವಾರ ನೋಡೋಣ ಎಂದುಕೊಂಡಿದ್ದೆ. ಆಮೇಲೆ ಎಂಟು ಸೋಮವಾರ ಕಳೆದಿದ್ದವು.

"ಲೇ, ನಿನ್ ಕೈಗೆ ಪೆನ್ನು ಕೊಟ್ಟೋನ್ ಯಾವನ್ಲಾ?" ಎಂದರು ಜವರಯ್ಯ.

"ನಿಮ್ಗೇ ನೆಪ್ಪಿಲ್ವಾ?" ಚೌಡಯ್ಯ ಕೇಳಿದರು.

"ಅನ್ನೆರಡು ಅಂಕಿ ಯಾರ್ಗೆ ನೆಪ್ಪಿರ್ತದೆ? ಅದ್ರ ಗುಣ ನೆಪ್ಪದೆ. ಮೂರ್ಮೂರು ಅಂಕಿಯಂಗೆ ನಾಕು ತುಂಡು ಮಾಡಿ. ಒಂದ್ನೇದೂ ಮೂರ್ನೇದೂ ಕೂಡಿ. ಎರಡ್ನೇದೂ ನಾಕ್ನೇದೂ ಕೂಡಿ. ಎರಡೂ ಒಂದೇ ಬರ್ತದೆ. ಬರ್ನಿಲ್ಲ ಅಂದ್ರೆ ನಾನು ಬರಿಗೈಲಿ ಓಯ್ತೀನಿ."

ಚೌಡಯ್ಯ ಮತ್ತೆ ಒಳಗೆ ಹೋಗಿ ಬಿಲ್ಲೆ ಹಿಡಿದು ಅಲ್ಲಿಂದಲೇ ಓದಿದರು: 340617852575. ನಾನು 617 ಅನ್ನು 167 ಮಾಡಿದ್ದೆ. ಮೊಬೈಲಿನಲ್ಲಿ ಕೂಡಿದೆ. 340, 852: ಸಾವಿರದ ನೂರ ತೊಂಬತ್ತೆರಡು. 617, 575: ಸಾವಿರದ ನೂರ ತೊಂಬತ್ತೆರಡು.

ಚೌಡಯ್ಯ ಮೊಬೈಲು ಕಿತ್ತುಕೊಂಡು ತಾವೇ ಮತ್ತೊಮ್ಮೆ ಕೂಡಿದರು. "ಎಲ್ಲಾ ಅಸೂಗೂ ಇಂಗೇ ಬರಾಕಿಲ್ವಾ?"

"ನಿಮ್ ಅಸೂದ್ನೇ ನೋಡಿ."

ನೋಡಿದರು. ಒಂದು ಕಡೆ 1241, ಇನ್ನೊಂದು ಕಡೆ 865.

"ಸಾವಿರಕ್ಕೊಂದು ಬಂದ್ರೆ ಎಚ್ಚು," ಎಂದರು ಜವರಯ್ಯ. "ಇಂಗೆ ಬಂದ ಸಂಖ್ಯೆ ಏಳು, ಅನ್ನೊಂದು, ಅದಿಮೂರು, ಈ ಮೂರ್ರಿಂದ್ಲೂ ಶೇಷ ಇಲ್ದಂಗೆ ಭಾಗ ಆಯ್ತದೆ."

"ಆ ಇಬ್ರೂ ಬಣ್ಣ ಯೋಳುದ್ರು, ಕೊಂಬು ಯೋಳುದ್ರು. ಅಸೂನ ಭಾಗಾಕಾರ ಯೋಳ್ದೋರು ನೀವೊಬ್ರೇ ಕಣಣ್ಣ," ಎಂದು ಚೌಡಯ್ಯ ಹಗ್ಗ ಬಿಚ್ಚಿದರು.

ಗಬ್ಬದ ಹಸುವನ್ನು ಅವಸರಪಡಿಸುವಂತಿಲ್ಲ. ಜವರಯ್ಯನವರು ಅದರ ಬೆನ್ನ ಮೇಲೆ ಕೈಯಿಟ್ಟು ನಡೆದರು. ನಾನು ಹಿಂದೆ ಬೈಕು ತಳ್ಳಿದೆ. ಗಂಜಾಂ ಸೇರುವಾಗ ಮಧ್ಯಾಹ್ನ ಕಳೆದಿತ್ತು. ಮರುದಿನ ಕಂಪ್ಯೂಟರು ನಂಬರನ್ನು ಒಂದೇ ಸಲಕ್ಕೆ ಒಪ್ಪಿತು. ಮಾಲೀಕರು: ಜವರಯ್ಯ, ಗಂಜಾಂ.