ನಾನು ಸುತ್ತು ಹಾಕಿದ ಚುಕ್ಕಿ

ಹಳೆಯ ಗಾಜಿನ ಫೋಟೋ ಪ್ಲೇಟುಗಳಲ್ಲಿ, ನೆಗೆಟಿವ್‌ನಲ್ಲಿದ್ದಂತೆ, ಆಕಾಶ ತಿಳಿಯಾಗಿ, ನಕ್ಷತ್ರಗಳು ಕಪ್ಪಾಗಿ ಇರುತ್ತವೆ. ದೊಡ್ಡ ನಕ್ಷತ್ರವಿದ್ದರೆ ಅದರ ಬೆಳಕು ಗಾಜಿನ ಹಿಂಬದಿಗೆ ತಾಗಿ ಹಿಂತಿರುಗಿ, ಸುತ್ತಲೂ ಒಂದು ಉಂಗುರ ಬರೆದಿರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕೊಡುತ್ತಿದ್ದ ಹೋಲಿ ಪಿಕ್ಚರ್‌ಗಳಲ್ಲಿ ಸಂತರ ತಲೆಯ ಹಿಂದೆ ಇಂಥದೇ ಉಂಗುರ. ವೀಕ್ಷಣಾಲಯದ ಪ್ಲೇಟ್ ರೂಮಿನಲ್ಲಿ ಕೆಲಸ ಸಿಕ್ಕಾಗ, ಲೈಟ್ ಬಾಕ್ಸಿನ ಮೇಲೆ ಬಾಗಿ ದಿನವೆಲ್ಲ ಅವನ್ನು ನೋಡುವುದು ನನಗೆ ಪ್ರೇಯರ್‌ನಂತೆಯೇ ಇತ್ತು. ಊಟದ ಬೆಲ್ಲೂ ಕೇಳಿಸುತ್ತಿರಲಿಲ್ಲ.

ಸೇರಿದ ಹೊಸತರಲ್ಲೇ ಒಂದು ಪ್ಲೇಟಿನಲ್ಲಿ, ನಕ್ಷತ್ರಗಳ ಚಾರ್ಟಿನಲ್ಲಿಲ್ಲದ ಮಸುಕು ಚುಕ್ಕಿಯೊಂದು ಕಂಡಿತು. ಗಾಜಿನ ಮೇಲೆ ಇಂಕಿನಲ್ಲಿ ಸುತ್ತು ಹಾಕಿದೆ. ಬಾಸ್‌ಗೆ ತೋರಿಸುವ ಮೊದಲೇ ರಾಜಾಜಿನಗರದ ಮನೆಯಲ್ಲಿ ಹೊಸ ನಕ್ಷತ್ರ ಸಿಕ್ಕಿತೆಂದು ಅಪ್ಪನಿಗೆ ಹೇಳಿಬಿಟ್ಟೆ. ಮರುದಿನ ಬೆಳಗ್ಗೆಯೇ ಅಪ್ಪ ದೇವಸ್ಥಾನಕ್ಕೆ ಹೋದರು. ಅರ್ಚಕರು ಎಂದಿನಂತೆ ಹೆಸರು, ಗೋತ್ರ, ನಕ್ಷತ್ರ ಕೇಳಿದರೆ, "ನಕ್ಷತ್ರಕ್ಕೇ ಅರ್ಚನೆ ಸ್ವಾಮಿ, ಅದಕ್ಕಿನ್ನೂ ಹೆಸರಿಟ್ಟಿಲ್ಲ" ಎಂದರಂತೆ.

ಅದೇ ದಿನ ಬಾಸ್ ಪ್ಲೇಟ್ ನೋಡಿ ಮೆಲ್ಲಗೆ ನಕ್ಕರು. ಅದು ಘೋಸ್ಟ್. ಆಚೆ ಬದಿಯ ದೊಡ್ಡ ನಕ್ಷತ್ರದ ಬೆಳಕು ಲೆನ್ಸಿನೊಳಗೇ ಪುಟಿದು ಇಲ್ಲಿ ಬಿದ್ದಿದೆ, ಎಲ್ಲರೂ ಒಮ್ಮೆ ಮೋಸ ಹೋಗುತ್ತಾರೆ ಎಂದರು. ಸಂಜೆ ಮನೆಗೆ ಬಂದರೆ ಅಪ್ಪ ಬೀದಿಗೆಲ್ಲ ಪ್ರಸಾದ ಹಂಚಿ ಮುಗಿಸಿದ್ದರು. ಅದು ನಕ್ಷತ್ರವಲ್ಲವೆಂದು ನಾನು ಹೇಳಲಿಲ್ಲ. ವರ್ಷವರ್ಷವೂ ಆ ದಿನ ಅರ್ಚನೆ ನಡೆಯಿತು. ಅಪ್ಪ ಹೋದ ಮೇಲೆ ತಂಗಿ ಮಾಡಿಸಿಕೊಂಡು ಬಂದಳು.

ಈಗ ಆ ಪ್ಲೇಟುಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಅಲ್ಲಿನ ಹುಡುಗಿಯೊಬ್ಬಳು ಮೊನ್ನೆ ಬಸವೇಶ್ವರನಗರದ ಮನೆಯಲ್ಲಿದ್ದ ನನಗೆ ಫೋಟೋ ಕಳಿಸಿ, ಫೋನ್ ಮಾಡಿ, ಈ ಸುತ್ತು ನನ್ನದೇನಾ ಎಂದು ಕೇಳಿದಳು. ಸ್ಕ್ಯಾನಿಗೆ ಮುಂಚೆ ಇಂಕ್ ಒರೆಸಬೇಕಂತೆ, ಹಾಕಿದವರನ್ನೊಮ್ಮೆ ಕೇಳೋಣ ಅನ್ನಿಸಿತಂತೆ. ನಾಳೆ ಹೇಳುತ್ತೇನೆ ಎಂದೆ. ತಂಗಿಗೆ ನಿಜ ಹೇಳದೆ ಒರೆಸು ಎನ್ನಲು ಬಾಯಿ ಬರಲಿಲ್ಲ.

ಮರುದಿನ ಆರ್‌ಪಿಸಿ ಲೇಔಟಿನ ತಂಗಿಯ ಮನೆಗೆ ಹೋದಾಗ ಅವಳು ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹಿದುಕುತ್ತಾ, ತಲೆ ಎತ್ತದೆ, ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ಅರ್ಚನೆ ಮಾಡಿಸ್ದೆ ಅಕ್ಕ?"

ಸಾರಿ ಎಂದೆ. ಅಷ್ಟು ಚಿಕ್ಕ ಮಾತು.

"ಅಪ್ಪಂಗಾದ್ರೂ ಹೇಳ್ಬೇಕಿತ್ತು ಕಣೇ. ಕಾನ್ವೆಂಟಲ್ಲಿ ಓದ್ದೋಳು, ಕನ್ಫೆಷನ್‌ಗೆ ಇಷ್ಟು ಲೇಟಾ?"

ಅವಳೆದುರಿಗೇ ಹುಡುಗಿಗೆ ಫೋನ್ ಮಾಡಿ, ಒರೆಸಮ್ಮ ಎಂದೆ. ತಂಗಿ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಚುಕ್ಕೀನೂ ಹೋಗ್ಬಿಡುತ್ತೇನಮ್ಮ?"

"ಇಲ್ಲ ಆಂಟಿ, ಅದು ಫೋಟೋದೊಳಗೇ ಇದೆ. ಅದು ಹೋಗಲ್ಲ."

ತಂಗಿ ಬೆರಳಿಗೆ ಹತ್ತಿದ ಸಿಪ್ಪೆಯನ್ನು ಸೆರಗಿನಲ್ಲಿ ಒರೆಸಿಕೊಂಡು, ಆ ಫೋಟೋ ತೆಗೆದುಕೊಡು ಎಂದಳು. ಕನ್ನಡಕ ಏರಿಸಿ, ಅದನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡುತ್ತ ಕೂತಳು. ನನ್ನ ಕಡೆ ನೋಡಲಿಲ್ಲ. ನಾನು ಅವಳ ಪಾಲಿನ ಕಾಳನ್ನೂ ಹಿದುಕತೊಡಗಿದೆ.