ಮುದ್ದು ಬರುವ ಭಾಷೆ

"ಅಜ್ಜಿ, ನೀವ್ಯಾಕೆ ಇವನ ಹತ್ರ ಇಂಗ್ಲಿಷ್ ಮಾತಾಡ್ತೀರಿ?" ಬರ್ ದುಬೈಯ ಕ್ಲಿನಿಕ್‌ನಲ್ಲಿ ನಮ್ಮ ಮಂಗಳೂರು ಕಡೆಯ ಡಾಕ್ಟರಮ್ಮ ಕೇಳಿದಾಗ ಮಗಳ ಮುಖ ನೋಡಿದೆ. ಎರಡು ವರ್ಷ ದಾಟಿದರೂ ಮೊಮ್ಮಗನಿಗೆ ಮಾತು ಬಂದಿರಲಿಲ್ಲ. ಎರಡು ಭಾಷೆಯಾದರೆ ಕನ್‌ಫ್ಯೂಸ್ ಆಗ್ತಾನೆಂದು ಮಗಳು ಮನೆಯಲ್ಲಿ ಕನ್ನಡವನ್ನೇ ಖಲಾಸ್ ಮಾಡಿದ್ದಳು. ನನ್ನ ಕಾನ್ವೆಂಟ್ ಇಂಗ್ಲಿಷ್ ಅವಳಿಗೆ ಅನುಕೂಲವೇ ಆಗಿತ್ತು.

"ಮನೆ ಭಾಷೆಯಿಂದ ಮಾತು ತಡವಾಗೋದಿಲ್ಲ, ಈಗಿನ ರಿಸರ್ಚ್ ಅದನ್ನೇ ಹೇಳ್ತದೆ. ನಿಮಗೆ ಮುದ್ದು ಬರುವ ಭಾಷೆಯಲ್ಲೇ ಮಾತಾಡಿ," ಎಂದರು ಡಾಕ್ಟರಮ್ಮ.

ಟ್ಯಾಕ್ಸಿಯಲ್ಲಿ, "ಹಸಿವಾಯ್ತಾ ನನ್ನ ಬಂಗಾರಕ್ಕೆ?" ಎಂದೆ. ಅವನು ನನ್ನ ತುಟಿಯ ಮೇಲೆ ಬೆರಳಿಟ್ಟು ನೋಡುತ್ತಲೇ ಇದ್ದ. ಮಗಳು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡಳು.

ಅದೇ ವಾರ ವಿಸಿಟ್ ವೀಸಾ ಮುಗಿದು ಊರಿಗೆ ಬಂದೆ. ಈಗ ವಿಡಿಯೋ ಕಾಲ್‌ನಲ್ಲಿ ಕನ್ನಡದಲ್ಲೇ ಮುದ್ದು ಮಾಡುತ್ತೇನೆ. ಅವನು ಬೆರಳು ಚಾಚುತ್ತಾನೆ; ಅದು ಸ್ಕ್ರೀನಿಗೆ ತಾಗಿ ನಿಲ್ಲುತ್ತದೆ.