ಸುರಪುರಕ್ಕೆ ಬಾರದ ಬುದ್ಧನ ಗುಡ್ಡ

ಶಹಾಪುರದ ಈಶಪ್ಪನ ಮುಂದೆ ಎರಡು ವಿಷಯ ಎತ್ತುವ ಹಾಗಿರಲಿಲ್ಲ. ಒಂದು, ಊರ ಪಕ್ಕ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುವ ಬುದ್ಧನ ಗುಡ್ಡ. ಇನ್ನೊಂದು, ತಾನು ಗುಮಾಸ್ತನಾಗಿದ್ದ ಕಾಲುವೆ ಕಚೇರಿಯ ಕಂಪ್ಯೂಟರು. ಗುಡ್ಡ ಅವನು ಕಟ್ಟಿದ್ದಲ್ಲ, ಕಂಪ್ಯೂಟರು ಅವನು ಕೊಂಡಿದ್ದಲ್ಲ. ಆದರೂ ಎರಡೂ ತನ್ನ ಪಾಲಿಗೆ ಬಂದ ಆಸ್ತಿ ಎಂಬಂತೆ ಮಾತಾಡುತ್ತಿದ್ದ. ಅವನನ್ನು ನೋಡಿ ನಗಲು ನಮಗೂ ಬಾಯಿಲ್ಲ. ಕೃಷ್ಣೆಯ ನೀರು ಕಾಲುವೆಗೆ ಬಂದಾಗ ನಾವೆಲ್ಲ ಹೊಳೆಯನ್ನು ಹೆಗಲ ಮೇಲೆ ಹೊತ್ತು ತಂದವರ ಹಾಗೆ ಓಡಾಡಿದವರೇ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಜೋಳದ ಹೊಲಗಳಿಗೆ ಭತ್ತ ಬಂದಿತ್ತು, ಭತ್ತದ ಬೆನ್ನಿಗೆ ಜಗಳ ಬಂದಿತ್ತು. ಮೇಲಿನ ಹೊಲದವರು ನೀರು ತಿರುವಿಕೊಂಡರೆ ಕಾಲುವೆಯ ಕೊನೆಯವರಿಗೆ, ಅಂದರೆ ಟೇಲೆಂಡಿನವರಿಗೆ, ತಳದ ಕೆಸರಷ್ಟೇ ಉಳಿಯುತ್ತಿತ್ತು. ಅದಕ್ಕೇ ಕಚೇರಿಯವರು ಪಾಳಿ ಹಚ್ಚಿದರು: ಯಾರ ಹೊಲಕ್ಕೆ ಯಾವಾಗ ನೀರು ಎಂಬ ಸರದಿ. ಅದನ್ನು ಕೈಯಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಸಸಿ ಹಳದಿಯಾಗುತ್ತಿತ್ತು. ಈಶಪ್ಪ ‘ಸಿ’ ಎಂಬ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದ. ಗುಂಡಿ ಒತ್ತಿದರೆ ಪಾಳಿ ಸಿದ್ಧ.

ಅಲ್ಲಿಗೇ ಬಿಟ್ಟಿದ್ದರೆ ಅವನು ಈಶಪ್ಪ ಹೇಗಾದಾನು? ಪ್ರೋಗ್ರಾಮ್ ಶುರುವಾದ ಕೂಡಲೇ ಪರದೆಯ ಮೇಲೆ ಹಸಿರು ಗೆರೆಯಲ್ಲಿ ಬುದ್ಧನ ಗುಡ್ಡ ಮೂಡುತ್ತಿತ್ತು. ತಲೆಯ ಕಡೆ ಮೇಲಿನ ಹೊಲದವರ ಹೆಸರು, ಪಾದದ ಕಡೆ ಟೇಲೆಂಡಿನವರದು. ಪಾದದಿಂದ ತಲೆಯ ಕಡೆಗೆ ಗುಡ್ಡ ಏರುತ್ತಾ ಪ್ರೋಗ್ರಾಮ್ ಪಾಳಿ ಹಚ್ಚುತ್ತಿತ್ತು. ನೋಡಲು ಬಂದ ಸಾಹೇಬರು ಲೆಕ್ಕ ಮರೆತು ಗುಡ್ಡ ನೋಡುತ್ತಾ ನಿಲ್ಲುತ್ತಿದ್ದರು.

ಸುರಪುರದ ಕಚೇರಿಗೂ ಅದೇ ಪ್ರೋಗ್ರಾಮ್ ಹಾಕಿಕೊಡಬೇಕೆಂದು ಹುಕುಂ ಬಂತು. ಈಶಪ್ಪನ ಸೋದರಮಾವ ಅಂಬ್ರಪ್ಪನ ಹೊಲ ಇದ್ದದ್ದು ಆ ಕಡೆಯ ಕಕ್ಕೇರಾದಲ್ಲಿ, ಅದೂ ಟೇಲೆಂಡಿನಲ್ಲಿ. “ಮಾವಾ, ಈ ಸಲ ನಿಮ್ಮ ಕಡಿಂದನ ಪಾಳಿ ಶುರು. ನನ್ನ ಪ್ರೋಗ್ರಾಮ್ ಯಾವ ಮಷಿನ್ಯಾಗ ಹಾಕಿದ್ರೂ ಓಡ್ತದ” ಎಂದು ಹೇಳಿ ಕಳಿಸಿದ.

ಈಶಪ್ಪ ಪ್ರೋಗ್ರಾಮ್ ತುಂಬಿದ ಫ್ಲಾಪಿ ಹಿಡಿದು ಸುರಪುರಕ್ಕೆ ಹೋದ ದಿನದ ಮರುದಿನ ಬೆಳಿಗ್ಗೆಯೇ ಕಾಲುವೆಯ ಗೇಟು ಎತ್ತುವುದಿತ್ತು. ಸಂಜೆಯೊಳಗೆ ಪಾಳಿಯ ಹಾಳೆ ಕೈಗೆ ಬರದಿದ್ದರೆ ಹಳೆಯ ಪದ್ಧತಿಯೇ: ಮೇಲಿದ್ದವರ ನೀರು. ಅಂಬ್ರಪ್ಪ ಕಕ್ಕೇರಾದ ಮಂದಿಯನ್ನು ಕಟ್ಟಿಕೊಂಡು ಮಧ್ಯಾಹ್ನವೇ ಸುರಪುರದ ಕಚೇರಿಯ ಬಾಗಿಲಲ್ಲಿ ಬೆಂಚು ಹಿಡಿದ.

ಸುರಪುರದ ಕಂಪ್ಯೂಟರು ಬೇರೆ ಜಾತಿಯದು. ಶಹಾಪುರದ್ದು ಡಾಸ್ ಎಂಬ ವ್ಯವಸ್ಥೆಯಲ್ಲಿ ನಡೆದರೆ ಇದು ಯುನಿಕ್ಸಿನಲ್ಲಿ. ಅದನ್ನು ನಡೆಸುವ ಜಲಾಲುದ್ದೀನ ಫ್ಲಾಪಿ ತೂರಿಸಿ, ಪ್ರೋಗ್ರಾಮನ್ನು ಈ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಲು ಹೋದ. ಪರದೆ ತುಂಬ ತಪ್ಪಿನ ಸಾಲು ಬಂತು.

“ಮಷಿನ್ ಕೆಟ್ಟಾದ” ಎಂದ ಈಶಪ್ಪ.

“ಮಷಿನ್ ಛಲೋ ಅದ. ಬಣ್ಣ ಹಚ್ಚು ಅಂದ್ರ, ಅದು ಯಾರು ಅಂತ ಕೇಳ್ತದ. ಮೂಲಿಗೆ ಹೋಗಿ ಗೆರಿ ಹೊಡಿ ಅಂದ್ರ, ಅಂಥವರು ನಮ್ಮೂರಾಗ ಇಲ್ಲಂತದ. ಈಶಪ್ಪಾ, ನೀ ಬಸ್ ಹತ್ತಿ ಬಂದಿ, ನಿನ್ನ ಪ್ರೋಗ್ರಾಮ್ ಶಹಾಪುರದಾಗೇ ಉಳದದ.”

ಬೆಂಚಿನಿಂದ ಅಂಬ್ರಪ್ಪನ ದನಿ ಬಂತು: “ಏನೋ ಅಳಿಯಾ, ಯಾವ ಮಷಿನ್ಯಾಗ ಹಾಕಿದ್ರೂ ಓಡ್ತದ ಅಂದಿದ್ದಿ. ಇಲ್ಲಿ ಕುಂತೇಬಿಟ್ಟದಲ್ಲ?”

“ಓಡ್ತದ ಮಾವಾ. ನೀವು ಚಹಾ ಕುಡೀರಿ.”

“ಮೂರನೇದು ಕುಡ್ಯಾಕತ್ತೀನೋ.”

ಜಲಾಲುದ್ದೀನ ಕಪಾಟಿನಿಂದ ದಪ್ಪ ಪುಸ್ತಕ ತೆಗೆದ. “ನೋಡಪಾ, ಈ ಭಾಷಾದ ಸಲುವಾಗಿ ತಿಳದ ಮಂದಿ ಕುಂತು ಒಂದು ಕರಾರ್ ಮಾಡ್ಯಾರ. ಸ್ಟ್ಯಾಂಡರ್ಡ್ ಅಂತಾರ ಅದಕ್ಕ. ಕರಾರಿನಾಗ ಇದ್ದದ್ದಷ್ಟೇ ಹಿಡಕೊಂಡು ಬರದ್ರ ಎಲ್ಲಾ ಕಡಿ ನಡೀತದ. ನಿಮ್ಮ ಮಷಿನ್ ಕೊಟ್ಟ ಖಾಸ್ ಸವಲತ್ತು ಬಳಸಿದ್ರ, ಅದು ಬೀಗರ ಮನ್ಯಾಗಿನ ಹೋಳಿಗಿ. ಹೋದಲ್ಲೆಲ್ಲಾ ಸಿಗತದೇನು?”

ಆ ಪುಸ್ತಕ ಈಶಪ್ಪನ ಹತ್ತಿರವೂ ಇತ್ತು. ಮಾನಿಟರು ಎತ್ತರ ಸಾಲದೆಂದು ಅದರ ಕೆಳಗಿಟ್ಟಿದ್ದ. ಈಗ ತಪ್ಪಿನ ಸಾಲುಗಳನ್ನು ಒಂದೊಂದಾಗಿ ಓದತೊಡಗಿದ. ಹಸಿರು ಬಣ್ಣ ತಪ್ಪು. ಹಣೆಯ ಗೆರೆ ತಪ್ಪು. ಎದೆಯ ಏರು, ಮಡಚಿದ ಕೈ, ಎಲ್ಲಾ ತಪ್ಪು. ನೀರಿನ ಲೆಕ್ಕದಲ್ಲಿ ಹುಡುಕಿದರೂ ಒಂದು ತಪ್ಪಿಲ್ಲ.

“ಒಂದು ಕೆಲಸ ಮಾಡೋಣ ಜಲಾಲಣ್ಣ. ಗುಡ್ಡ ಹಂಗೇ ಇರ್ಲಿ, ಉಳಿದದ್ದು ತಿದ್ದೋಣ.”

“ಉಳಿದದ್ದು ಸರೀನೇ ಅದಲ್ಲೋ ಮಾರಾಯಾ!”

ಈಶಪ್ಪ ಗುಡ್ಡದ ಸಾಲುಗಳನ್ನು ಇನ್ನೊಮ್ಮೆ ಮೊದಲಿಂದ ಓದಿದ. ಆ ಗುಡ್ಡ ಬಿಡಿಸಲು ಅವನು ಎಷ್ಟು ಭಾನುವಾರ ಕಳೆದಿದ್ದನೋ. ಮೂಗಿನ ಓರೆ ಸರಿಯಾಗಿ ಬರಲಿಲ್ಲವೆಂದು ಮಾಳಿಗೆ ಹತ್ತಿ ಗುಡ್ಡ ನೋಡಿ, ಇಳಿದು ಬಂದು ತಿದ್ದಿದವನು. ಅಂಬ್ರಪ್ಪ ಬೆಂಚು ಬಿಟ್ಟೆದ್ದು ಬಂದು ಅವನ ಹಿಂದೆ ನಿಂತ. ಏನು ಕಡಿಯಬೇಕಾಗಿದೆ ಎಂದು ಕೇಳಿ ತಿಳಿದುಕೊಂಡ.

“ತಗದುಬಿಡು. ಬುದ್ಧ ಸಿಟ್ಟಾಗಂಗಿಲ್ಲ. ಅಂವ ಅರಮನೀನ ಬಿಟ್ಟು ಹೋದಾಂವ, ನಿನ್ನ ಪರದಿ ಬಿಡಂಗಿಲ್ಲೇನು?”

ಈಶಪ್ಪ ಪಾದದಿಂದ ಶುರು ಮಾಡಿದ. ಗುಡ್ಡ ಕರಗಿದ ಕಡೆಯಲ್ಲೆಲ್ಲ ಹೊಲಗಳಿಗೆ ಕಾಲುವೆಯ ಕೊನೆಯಿಂದ ಸಾದಾ ಸಂಖ್ಯೆ ಕೊಡುತ್ತಾ ಹೋದ. ಜಲಾಲುದ್ದೀನ ಪಕ್ಕದಲ್ಲಿ ಪುಸ್ತಕ ತೆರೆದು, ಕರಾರಿನ ಹೊರಗೆ ಕಾಲಿಟ್ಟಲ್ಲೆಲ್ಲ ‘ಊಹೂಂ’ ಎನ್ನುತ್ತಿದ್ದ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ ಏರಿತು. ಕೊನೆಗೆ ಮತ್ತೆ ಇಳಿಸಿ ನೋಡಿದರು. ಪರದೆಯ ಮೇಲೆ ಒಂದಕ್ಷರವೂ ಬರಲಿಲ್ಲ.

“ಏನೂ ಅನ್ನವಲ್ದಲ್ಲ ಇದು?” ಎಂದ ಈಶಪ್ಪ.

“ತಪ್ಪಿಲ್ಲಂದ್ರ ಇದು ಮಾತಾಡಂಗಿಲ್ಲ” ಎಂದ ಜಲಾಲುದ್ದೀನ. “ನಿನ್ನಂಗಲ್ಲ.”

ಪ್ರಿಂಟರು ಕಿರ್ರೆಂದು ಹಾಳೆ ಉಗುಳಿತು. ಚಿತ್ರವಿಲ್ಲ, ಚೌಕಟ್ಟಿಲ್ಲ, ಸಾಲಿನ ಕೆಳಗೆ ಸಾಲು. ಮೊದಲ ಸಾಲಿನಲ್ಲೇ ಅಂಬ್ರಪ್ಪ. ಅವನು ಬೆರಳಿಟ್ಟು ಓದಿ, ಹಾಳೆ ಮಡಚಿ ಅಂಗಿಯ ಜೇಬಿಗೆ ಸೇರಿಸಿದ.

“ಹೆಂಗಾಗ್ಯಾದ ಮಾವಾ?”

“ಹೆಸ್ರು ಅದ. ನೀರು ಬರ್ಲಿ, ಆಮ್ಯಾಲ ಹೊಗಳ್ತೀನಿ.”

ನೀರು ಬಂತು. ಹೊಗಳಿಕೆ ಇನ್ನೂ ಬರಬೇಕಾಗಿದೆ. ತಿದ್ದಿದ ಪ್ರೋಗ್ರಾಮನ್ನು ಈಶಪ್ಪ ಅದೇ ಫ್ಲಾಪಿಯಲ್ಲಿ ತಂದು ಶಹಾಪುರದ ಯಂತ್ರಕ್ಕೆ ಹಾಕಿದರೆ ಅಲ್ಲಿಯೂ ಓಡಿತು. ಮುಂದೆ ಹಳೆಯ ಯಂತ್ರ ಹೋಗಿ ಹೊಸದು ಬಂದಾಗಲೂ ಓಡಿತು. ಮಾನಿಟರಿನ ಕೆಳಗೆ ಈಗ ಎರಡು ಇಟ್ಟಿಗೆಗಳಿವೆ, ಪುಸ್ತಕ ಮೇಜಿನ ಮೇಲಿದೆ. ಬೇರೆ ಊರಿನ ಗುಮಾಸ್ತರು ಬಂದರೆ ಈಶಪ್ಪ ಕರಾರಿನ ಮಹಿಮೆಯನ್ನು ತಾನೇ ಕುಂತು ಬರೆಸಿದವನ ಹಾಗೆ ವಿವರಿಸುತ್ತಾನೆ.

ಸಾಹೇಬರು ಮಾತ್ರ, ತಿದ್ದಿದ ಪ್ರೋಗ್ರಾಮ್ ಶಹಾಪುರದಲ್ಲಿ ಮೊದಲ ಸಲ ಓಡಿದ ದಿನ, ಪರದೆ ನೋಡಿ ಮುಖ ಸಣ್ಣ ಮಾಡಿದ್ದರು. “ಗುಡ್ಡ ಎಲ್ಲಿ ಹೋಯ್ತೋ ಈಶಪ್ಪಾ?”

ಈಶಪ್ಪ ಎದ್ದು ಹೋಗಿ ಕಿಟಕಿಯ ಬಾಗಿಲು ತೆರೆದ.

“ಇಲ್ಲೇ ಅದರೀ ಸಾಹೇಬ್ರ. ಅದೊಂದು ಶಹಾಪುರದಾಗ ಬಿಟ್ರ ಎಲ್ಲೀ ನಡ್ಯಂಗಿಲ್ಲ.”